ಈ ಸುರ್ಮಾಯಿ ಯಾವ ಊರಿನದು? ಧಾರವಾಡದ ಲ್ಯಾಬಿನ ಒಂದು ಪ್ರಕರಣ ಅಧ್ಯಯನ

"ಅತಿಯಾದ ಮೀನುಗಾರಿಕೆಯಿಂದ ಕಾರವಾರ ಕಡಲಿನ ಸುರ್ಮಾಯಿ ಮೀನಿನಲ್ಲಿ ವಂಶವಾಹಿ ವೈವಿಧ್ಯ ಕುಸಿದಿದೆ."

ನಮ್ಮ ಸಂಶೋಧನಾ ವಿದ್ಯಾರ್ಥಿನಿ ನವೆಂಬರಿನಲ್ಲಿ ತಂದುಕೊಟ್ಟ ಕರಡು ವರದಿಯ ಕೊನೆಯ ಪುಟದಲ್ಲಿ ಈ ಸಾಲು ಇತ್ತು. ಓದಿದ ಕೂಡಲೇ ಖುಷಿಯಾಯಿತು. ನಮ್ಮದು ಧಾರವಾಡದ ಒಂದು ಸಣ್ಣ ಲ್ಯಾಬು. ಸಮುದ್ರ ಇಲ್ಲಿಂದ ನೂರೈವತ್ತು ಕಿಲೋಮೀಟರ್ ಆಚೆ. ಇಲ್ಲಿ ಕೂತು ಕಡಲಿನ ಬಗ್ಗೆ ಇಷ್ಟು ದೊಡ್ಡ ಮಾತು ಹೇಳಲು ಆದರೆ ಎಷ್ಟು ಚೆಂದ ಅಲ್ವಾ? ಎರಡನೇ ಸಲ ಓದಿದಾಗ ಮಾತ್ರ ಮನಸ್ಸು ತಡೆಯಿತು. ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿದೆ.

ಆ ಚಿಹ್ನೆಗೆ ಉತ್ತರ ಸಿಗಲು ಇನ್ನೂ ಏಳು ತಿಂಗಳು ಹಿಡಿಯಿತು. ಅದನ್ನು ಪೂರ್ತಿಯಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಎಲ್ಲಿ ಎಡವಿದೆವು ಎಂಬುದು ಸಂಶೋಧನಾ ಲೇಖನಗಳಲ್ಲಿ ಸಿಗುವುದು ಕಡಿಮೆ. ಒಳನಾಡಿನ ಕಾಲೇಜುಗಳಲ್ಲಿ ಇಂಥ ಕೆಲಸ ಶುರು ಮಾಡುವವರಿಗೆ ಬೇಕಾಗಿರುವುದು ಅದೇ.

ಹುಡುಗಿ ಗದಗ ಜಿಲ್ಲೆಯ ಒಂದು ಹಳ್ಳಿಯವಳು. ಮನೆಯಲ್ಲಿ ಶೇಂಗಾ, ಕಡಲೆ, ಮೆಣಸಿನಕಾಯಿ ಬೆಳೆಯುತ್ತಾರೆ. ಮೀನು ಮುಟ್ಟುವವರು ಆ ಮನೆಯಲ್ಲಿ ಯಾರೂ ಇಲ್ಲ. ಪಿಎಚ್‌.ಡಿಗೆ ಸೇರಿದ ಮೊದಲ ವರ್ಷ. ಅವಳು ಅಲ್ಲಿಯವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಕೆರೆಯ ಮೀನು ಹತ್ತಿರ ಸಿಗುತ್ತದೆ, ಅದನ್ನೇ ತಗೋ ಎಂದು ನಾನು ಹೇಳಿದ್ದೆ. ಅವಳು ಒಪ್ಪಲಿಲ್ಲ.

"ಕೆರಿ ಮೀನು ಊರಾಗ ಎಲ್ಲಾರೂ ನೋಡತಾರ್ರಿ ಸರ. ಸಮುದ್ರದ್ದು ಹಿಡಿಯವರು ಹಿಡಿತಾರ, ತಿನ್ನವರು ತಿಂತಾರ. ಒಳಗ ಎಷ್ಟು ಉಳದೈತಿ ಅಂತ ಯಾರಿಗೆ ಕಾಣತೈತ್ರಿ?"

ಈ ಮಾತಿಗೆ ನನ್ನ ಹತ್ತಿರ ಎದುರು ಮಾತು ಇರಲಿಲ್ಲ.

ಸುರ್ಮಾಯಿಯನ್ನು ಆರಿಸಿದ್ದಕ್ಕೆ ಕಾರಣ ಇತ್ತು. ಮಂಗಳೂರಿನ ಕಡೆ ಇದನ್ನು ಅಂಜಲ್ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಸುರ್ಮಾಯಿ ಅಂದರೇನೇ ಗಿರಾಕಿಗೆ ತಿಳಿಯುವುದು. ಮುಳ್ಳು ಕಡಿಮೆ, ತುಂಡು ಚೆನ್ನಾಗಿ ಬರುತ್ತದೆ, ರೇಟು ಜಾಸ್ತಿ. ಎರಡು ಮೀಟರ್ ಮೀರಿ ಬೆಳೆಯಬಲ್ಲ ಮೀನು ಇದು. ಸುಮಾರು 70 ಸೆಂಟಿಮೀಟರ್ ಆದ ಮೇಲೆ ಮೊಟ್ಟೆ ಇಡುವ ವಯಸ್ಸಿಗೆ ಬರುತ್ತದೆ. ಮಾರ್ಕೆಟ್ಟಿನ ಕಟ್ಟೆಯ ಮೇಲೆ ಮಲಗಿರುವುದು ಎಷ್ಟೋ ಸಲ ಅದಕ್ಕಿಂತ ಗಿಡ್ಡದು. ಒಮ್ಮೆಯೂ ಮರಿ ಮಾಡದ ಮೀನು ಬಲೆಗೆ ಬಿದ್ದಿದೆ ಎಂದು ಅರ್ಥ. ಟೇಪು ಹಿಡಿದು ಮೊದಲ ದಿನ ಅಳೆದು ಬಂದ ಹುಡುಗಿ ಸಂಜೆ ತುಂಬ ಹೊತ್ತು ಸುಮ್ನೆ ಕೂತಿದ್ದಳು.

ಕಡಲಿನಲ್ಲಿ ಮೀನು ಮುಗಿಯುವುದಿಲ್ಲ ಎಂದು ಜನ ಬಹಳ ಕಾಲ ನಂಬಿದ್ದರು. ಕೆನಡಾದ ಪೂರ್ವ ಕರಾವಳಿಯಲ್ಲಿ ಐದು ಶತಮಾನ ಹಿಡಿದ ಕಾಡ್ ಮೀನು ಕುಸಿದುಬಿತ್ತು. 1992ರ ಜುಲೈನಲ್ಲಿ ಅಲ್ಲಿನ ಸರಕಾರ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸಾವಿರಾರು ಮನೆಗಳ ಒಲೆ ಆರಿತು. ನಮ್ಮ ಹತ್ತಿರದ್ದೇ ಬೇಕೆಂದರೆ ತಾರ್ಲೆ ಇದೆ. ಮಂಗಳೂರಿನವರ ಬೂತಾಯಿ. ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕಿದ್ದ ತಾರ್ಲೆ 2021ರಲ್ಲಿ ಮೂರೂವರೆ ಸಾವಿರ ಟನ್ ಕೂಡ ಸಿಗಲಿಲ್ಲ. ಇದರಲ್ಲಿ ಬಲೆಯ ಪಾಲು ಎಷ್ಟು, ಬಿಸಿಯಾಗುತ್ತಿರುವ ನೀರಿನ ಪಾಲು ಎಷ್ಟು ಎಂದು ಬೇರೆ ಮಾಡುವುದು ಸುಲಭ ಅಲ್ಲ. ಹಾಗಾಗಿ ತೂಕದ ಲೆಕ್ಕದ ಜೊತೆಗೆ ಡಿಎನ್‌ಎ ಲೆಕ್ಕವೂ ಬೇಕು. ಕಾರವಾರದಲ್ಲಿ, ಮಲ್ಪೆಯಲ್ಲಿ, ರತ್ನಾಗಿರಿಯಲ್ಲಿ ಹಿಡಿಯುವ ಮೀನು ಒಂದೇ ಬಳಗವೋ, ಬೇರೆ ಬೇರೆ ಬಳಗವೋ? ಒಂದೇ ಬಳಗ ಆದರೆ ಒಂದು ಕಡೆ ತಪ್ಪು ಮಾಡಿದರೆ ಎಲ್ಲರಿಗೂ ಪೆಟ್ಟು. ಬೇರೆ ಬೇರೆ ಆದರೆ ಒಂದು ಬಳಗ ಖಾಲಿಯಾದರೂ ಪಕ್ಕದ್ದು ಬಂದು ತುಂಬುವುದಿಲ್ಲ. ಹಿಡಿಯುವ ಮಿತಿ ಗೊತ್ತುಮಾಡಬೇಕಾದರೆ ಮೊದಲು ಇದು ತಿಳಿಯಬೇಕು.

ಗುರುತು ಹುಡುಕಿದ್ದು

ಬಳಗ ಗುರುತಿಸಲು ನಾವು ನೆಚ್ಚಿಕೊಂಡದ್ದು ಮೈಕ್ರೋಸ್ಯಾಟಲೈಟ್‌ಗಳನ್ನು. ಹೆಸರು ದೊಡ್ಡದು, ವಿಷಯ ಸರಳ. ನಮ್ಮ ಅಜ್ಜಿಯರು ರಾಮಕೋಟಿ ಬರೆಯುತ್ತಿದ್ದರು ನೋಡಿ. ಒಂದೇ ಹೆಸರು, ಸಾಲುಸಾಲಾಗಿ. ಆ ಪುಟವನ್ನು ಇನ್ನೊಬ್ಬರು ನೋಡಿ ನಕಲು ಮಾಡಿದರೆ ಎಲ್ಲೋ ಒಂದು ಹೆಸರು ಬಿಟ್ಟುಹೋಗುತ್ತದೆ, ಇಲ್ಲವೇ ಒಂದು ಹೆಚ್ಚಾಗುತ್ತದೆ. ಡಿಎನ್‌ಎಯಲ್ಲೂ ಇಂಥ ಜಾಗಗಳಿವೆ. ಎರಡೋ ಮೂರೋ ನಾಲ್ಕೋ ಅಕ್ಷರ ಮತ್ತೆ ಮತ್ತೆ ಬರುತ್ತವೆ. ಜೀವಕೋಶ ನಕಲು ಮಾಡುವಾಗ ಅಲ್ಲಿ ಎಣಿಕೆ ತಪ್ಪುತ್ತದೆ. ಹೀಗಾಗಿ ಒಂದು ಮೀನಿನಲ್ಲಿ ಆ ತುಣುಕು 12 ಸಲ ಇದ್ದರೆ ಇನ್ನೊಂದರಲ್ಲಿ 15 ಸಲ ಇರುತ್ತದೆ. ಪ್ರತಿ ಮೀನಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ. ಇಂಥ ಹಲವು ಜಾಗಗಳನ್ನು ಹಲವು ಮೀನುಗಳಲ್ಲಿ ಅಳೆದರೆ ಬಳಗದ ಚಿತ್ರ ನಿಧಾನವಾಗಿ ಮೂಡುತ್ತದೆ.

ಆ ಜಾಗವನ್ನು ಹಿಡಿದು ಲಕ್ಷಾಂತರ ಪಟ್ಟು ಹೆಚ್ಚಿಸಲು ಎರಡು ಕಡೆ ಪ್ರೈಮರ್ ಬೇಕು. ಇಪ್ಪತ್ತು ಅಕ್ಷರದ ಆಸುಪಾಸಿನ ಡಿಎನ್‌ಎ ತುಣುಕು ಅದು. ರಾಮಕೋಟಿಯ ಹಿಂದಿನ ಸಾಲಿಗೆ ಒಂದು, ಮುಂದಿನ ಸಾಲಿಗೆ ಒಂದು ಅಂಟಿಕೊಳ್ಳಬೇಕು. ದೊಡ್ಡ ಸಂಸ್ಥೆಗಳಲ್ಲಿ ಈಗ ಮೀನಿನ ಜೀನೋಮನ್ನೇ, ಅಂದರೆ ಅದರ ಇಡೀ ಡಿಎನ್‌ಎಯನ್ನೇ, ಓದಿಸಿ, ಕಂಪ್ಯೂಟರಿನಿಂದ ಇಂಥ ಜಾಗಗಳನ್ನು ಸಾವಿರಗಟ್ಟಲೆ ಹೆಕ್ಕುತ್ತಾರೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2023ರಲ್ಲಿ ತಾರ್ಲೆಯ ಜೀನೋಮನ್ನೇ ಬಿಚ್ಚಿಟ್ಟಿದೆ. ನಮಗೆ ಅಷ್ಟು ದುಡ್ಡಿಲ್ಲ. ಸಾರ್ವಜನಿಕ ಡೇಟಾಬೇಸಿನಲ್ಲಿ ಸುರ್ಮಾಯಿಯದ್ದು ಮತ್ತು ಅದರ ಹತ್ತಿರದ ಸಂಬಂಧಿ ಮೀನುಗಳದ್ದು ಏನೇನು ಇದೆಯೋ ಅದನ್ನೆಲ್ಲ ಇಳಿಸಿಕೊಂಡು ಪುನರಾವರ್ತನೆ ಹುಡುಕಿದೆವು. ನಾಲ್ಕು ಅಕ್ಷರದ ಪುನರಾವರ್ತನೆಗಳನ್ನೇ ಹೆಚ್ಚಾಗಿ ಆರಿಸಿದೆವು. ಹೆಚ್ಚಿಸಿದ ತುಣುಕನ್ನು ಜೆಲ್ಲಿನಲ್ಲಿ ಓಡಿಸಿದರೆ ಅದರ ಉದ್ದಕ್ಕೆ ತಕ್ಕ ಜಾಗದಲ್ಲಿ ಒಂದು ಪಟ್ಟಿ, ಅಂದರೆ ಬ್ಯಾಂಡ್, ಮೂಡುತ್ತದೆ. ಎರಡು ಅಕ್ಷರದ್ದಾದರೆ ಒಂದು ಬ್ಯಾಂಡಿನ ಕೆಳಗೆ ನೆರಳಿನ ಹಾಗೆ ಎರಡು ಮೂರು ಬ್ಯಾಂಡ್ ಬಂದು ಕಣ್ಣು ಮೋಸ ಹೋಗುತ್ತದೆ. ನಮ್ಮಲ್ಲಿರುವ ಅಕ್ರಿಲಮೈಡ್ ಜೆಲ್ಲಿನಲ್ಲಿ ನಾಲ್ಕು ಅಕ್ಷರದ ವ್ಯತ್ಯಾಸ ಪರವಾಗಿಲ್ಲ ಅನ್ನುವಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಹನ್ನೆರಡು ಜೋಡಿ ಪ್ರೈಮರ್ ತರಿಸಿದೆವು. ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ದುಡ್ಡು ತಗೋತಾರೆ, ಹಾಗಾಗಿ ಒಂದೊಂದು ಜೋಡಿಯನ್ನೂ ಹತ್ತು ಸಲ ನೋಡಿ ಆರಿಸಿದ್ದೆವು. ಆದರೂ ನಾಲ್ಕು ಜೋಡಿ ಏನೂ ತೋರಿಸಲಿಲ್ಲ. ಮೂರರಲ್ಲಿ ಎಲ್ಲ ಮೀನಿಗೂ ಒಂದೇ ಅಳತೆ ಬಂತು. ಎಲ್ಲರಿಗೂ ಒಂದೇ ಆದರೆ ಅದು ಗುರುತು ಹೇಗೆ ಆದೀತು? ಉಳಿದದ್ದು ಐದು.

ಮೀನಿನ ತುಣುಕು ತಂದದ್ದು ಹುಬ್ಬಳ್ಳಿಯ ಮೀನು ಮಾರ್ಕೆಟ್ಟಿನಿಂದ. ಜೂನ್ ಕೊನೆ ಮತ್ತು ಜುಲೈ. ಬೆಳಗಿನ ಜಾವದ ಬಸ್ಸಿಗೆ ಹೋಗಿ, ಈಜುರೆಕ್ಕೆಯ ಉಗುರಿನಷ್ಟು ಚೂರು ಕತ್ತರಿಸಿ, ಎಥನಾಲ್ ತುಂಬಿದ ಪುಟ್ಟ ಟ್ಯೂಬಿಗೆ ಹಾಕಿ, ಮೇಲೆ ಪೆನ್ಸಿಲಿನಿಂದ ನಂಬರ್ ಬರೆಯುತ್ತಿದ್ದಳು. ಪೆನ್ನಿನ ಶಾಯಿ ಎಥನಾಲ್ ತಾಗಿದರೆ ಅಳಿಸಿ ಹೋಗುತ್ತದೆ, ಅದನ್ನು ಮೊದಲೇ ಹೇಳಿಕೊಟ್ಟಿದ್ದೆ. ಮಾರುವವರು ಒಳ್ಳೆಯವರು. ಇಡೀ ಮೀನಿನ ರೆಕ್ಕೆ ಕತ್ತರಿಸಿದರೆ ಗಿರಾಕಿ ಕೇಳುತ್ತಾನೆ ಎಂದು, ತುಂಡು ಮಾಡಿದ ಮೇಲೆ ಬುಟ್ಟಿಗೆ ಎಸೆದ ತಲೆ, ಬಾಲಗಳಿಂದ ತಗೋ ಎಂದಿದ್ದರು. ಅವಳು ಹಾಗೇ ಮಾಡಿದಳು. ನಲವತ್ತು ಟ್ಯೂಬು ತುಂಬಿತು. ನೋಟ್‌ಬುಕ್ಕಿನಲ್ಲಿ ಎಲ್ಲದರ ಎದುರೂ ಒಂದೇ ಊರು: ಕಾರವಾರ.

ಅದನ್ನು ಅವತ್ತು ನಾನೂ ನೋಡಿದ್ದೆ. ನನಗೂ ಏನೂ ಅನ್ನಿಸಲಿಲ್ಲ. ಆ ತಪ್ಪು ನನ್ನದು.

ಕಾಣೆಯಾದ ಜೋಡಿಗಳು

ಈಗ ಆ ಸಾಲಿಗೆ ಬರೋಣ. ವೈವಿಧ್ಯ ಕುಸಿದಿದೆ ಎಂದು ಅವಳು ಬರೆದದ್ದು ಯಾವ ಆಧಾರದ ಮೇಲೆ?

ಒಂದು ಜಾಗದಲ್ಲಿ ಎರಡೇ ನಮೂನೆ, ಅಂದರೆ ಎರಡೇ ಬಗೆಯ ಎಣಿಕೆ ಇವೆ, ಎರಡೂ ಸರಿಸಮ ಇವೆ ಎಂದುಕೊಳ್ಳಿ. ಬಳಗದೊಳಗೆ ಯಾವ ಮೀನು ಯಾವುದರ ಜೊತೆ ಬೇಕಾದರೂ ಕೂಡುವ ಹಾಗಿದ್ದರೆ, 100 ಮೀನಿನಲ್ಲಿ ಹೆಚ್ಚುಕಡಿಮೆ 50ರಲ್ಲಿ ತಂದೆಯದ್ದೊಂದು ತಾಯಿಯದ್ದೊಂದು ಬೇರೆ ಬೇರೆ ನಮೂನೆ ಇರಬೇಕು. ಉಳಿದ 25ರಲ್ಲಿ ಎರಡೂ ಮೊದಲನೆಯದು, 25ರಲ್ಲಿ ಎರಡೂ ಎರಡನೆಯದು. 1908ರಲ್ಲಿ ಇಂಗ್ಲೆಂಡಿನ ಹಾರ್ಡಿ, ಜರ್ಮನಿಯ ವೈನ್‌ಬರ್ಗ್ ಬೇರೆ ಬೇರೆಯಾಗಿ ಹೇಳಿದ ಲೆಕ್ಕ ಇದು. ನಮ್ಮ ಐದು ಗುರುತುಗಳಲ್ಲಿ ಮೂರರಲ್ಲಿ ಈ ಬೇರೆ ಬೇರೆ ಜೋಡಿಯ ಮೀನುಗಳು ಲೆಕ್ಕಕ್ಕಿಂತ ತೀರ ಕಡಿಮೆ ಇದ್ದವು. ಒಂದೇ ನಮೂನೆಯ ಮೀನು ಜಾಸ್ತಿ.

ಅವಳು ಯೋಚಿಸಿದ್ದು ಹೀಗೆ: ಮೀನು ಕಡಿಮೆಯಾಗಿವೆ, ಹತ್ತಿರದ ಸಂಬಂಧದಲ್ಲೇ ಕೂಡುತ್ತಿವೆ, ಹಾಗಾಗಿ ಎರಡೂ ಕಡೆಯಿಂದ ಒಂದೇ ನಮೂನೆ ಬರುತ್ತಿದೆ. ಕೇಳಿದರೆ ಸರಿ ಅನ್ನಿಸುತ್ತದೆ. ನಮ್ಮ ಮನಸ್ಸಿನಲ್ಲಿದ್ದ ಭಯಕ್ಕೂ ಹೊಂದುತ್ತದೆ. ಅದಕ್ಕೇ ನನಗೆ ಅನುಮಾನ ಬಂತು.

ಅತಿಯಾಗಿ ಹಿಡಿದರೆ ವೈವಿಧ್ಯ ಕಡಿಮೆ ಆಗುವುದು ನಿಜ. ನ್ಯೂಜಿಲೆಂಡಿನ ಟಾಸ್ಮನ್ ಕೊಲ್ಲಿಯ ಸ್ನ್ಯಾಪರ್ ಮೀನಿನ ಹಳೆಯ ಹುರುಪೆಗಳನ್ನು 1950ರ ದಶಕದಿಂದ ಕಾದಿಟ್ಟಿದ್ದರು. ಅವುಗಳ ಡಿಎನ್‌ಎ ತೆಗೆದು ನೋಡಿದಾಗ ಮೀನುಗಾರಿಕೆ ಜೋರಾದ ಹಾಗೆ ನಮೂನೆಗಳು ಕಳೆದುಹೋದದ್ದು ಕಂಡಿತು. ಅಲ್ಲಿ ಮೀನುಗಳು ಲಕ್ಷಗಟ್ಟಲೆ ಇದ್ದವು. ಆದರೂ ಮುಂದಿನ ಪೀಳಿಗೆಗೆ ವಂಶ ಕೊಡುತ್ತಿದ್ದವು ತೀರ ಕೆಲವೇ. ಕಡಲ ಮೀನಿನ ವಿಚಿತ್ರ ಇದು. ಒಂದು ತಾಯಿ ಲಕ್ಷಾಂತರ ಮೊಟ್ಟೆ ಇಟ್ಟರೂ ಎಷ್ಟೋ ತಾಯಂದಿರ ಒಂದು ಮರಿಯೂ ಬದುಕುವುದಿಲ್ಲ. 2014ರಲ್ಲಿ ಪಿನ್ಸ್ಕಿ ಮತ್ತು ಪಲಂಬಿ ಎಂಬ ಇಬ್ಬರು ವಿಜ್ಞಾನಿಗಳು 140 ಜಾತಿಯ ಮೀನುಗಳ ಮಾಹಿತಿ ಒಟ್ಟುಗೂಡಿಸಿ ನೋಡಿದರು. ಅತಿಯಾಗಿ ಹಿಡಿದ ಮೀನುಗಳಲ್ಲಿ ನಮೂನೆಗಳ ಸಂಖ್ಯೆ ಸುಮಾರು 12 ಪ್ರತಿಶತ ಕಡಿಮೆ ಇತ್ತು. ಆದರೆ ಬೇರೆ ಬೇರೆ ಜೋಡಿಯ ಪ್ರಮಾಣ ಕಡಿಮೆಯಾಗಿದ್ದು ಬರೀ 2 ಪ್ರತಿಶತದಷ್ಟು.

ನಾವು ಎಡವಿದ್ದು ಇಲ್ಲಿಯೇ. ಬಲೆಯ ಹೊಡೆತಕ್ಕೆ ಮೊದಲು ಹೋಗುವುದು ಅಪರೂಪದ ನಮೂನೆಗಳು. ಜೋಡಿಯ ಪ್ರಮಾಣ ಅಷ್ಟು ಬೇಗ ಅಲುಗಾಡುವುದಿಲ್ಲ. ಅದೂ ಅಲ್ಲದೆ, ಹಾರ್ಡಿ ವೈನ್‌ಬರ್ಗ್ ಲೆಕ್ಕ ಕೆಟ್ಟಿದ್ದರೂ ಒಂದೇ ಪೀಳಿಗೆ ಮನಸೋ ಇಚ್ಛೆ ಕೂಡಿದರೆ ಮತ್ತೆ ಸರಿಹೋಗುತ್ತದೆ. ತೆರೆದ ಸಮುದ್ರದಲ್ಲಿ ಗುಂಪಾಗಿ ಓಡಾಡುವ ಮೀನಿನಲ್ಲಿ ಅಣ್ಣತಂಗಿ ಕೂಡುವಷ್ಟು ಬರ ಬಂದಿದ್ದರೆ ಹುಬ್ಬಳ್ಳಿಯ ಕಟ್ಟೆಗೆ ಇಷ್ಟು ಸುರ್ಮಾಯಿ ಬರುತ್ತಲೇ ಇರಲಿಲ್ಲ. ಅಂದರೆ ನಮ್ಮ ಲೆಕ್ಕ ಏರುಪೇರಾದದ್ದಕ್ಕೆ ಬೇರೆ ಏನೋ ಕಾರಣ ಇದೆ. ಕಡಲನ್ನು ದೂರುವ ಮೊದಲು ನಮ್ಮ ಟ್ಯೂಬುಗಳನ್ನು ನೋಡೋಣ ಎಂದೆ. ಅವಳ ಮುಖ ಸಪ್ಪಗಾಯಿತು. ಆದರೆ ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಲ್ಯಾಬಿಗೆ ಬಂದಿದ್ದಳು.

ಮೊದಲು ಸಿಕ್ಕಿದ್ದು 14 ಮತ್ತು 23. ಅವಳೇ ಹಿಡಿದಳು. ಹಾಳೆಯ ಮೇಲೆ ಐದೂ ಗುರುತುಗಳ ಅಳತೆ ಸಾಲಾಗಿ ಬರೆದು, ಸ್ಕೇಲು ಇಟ್ಟು ಒಂದೊಂದೇ ಸಾಲು ಇಳಿಸುತ್ತಾ ಓದುತ್ತಿದ್ದಳು. 23ಕ್ಕೆ ಬಂದಾಗ ಸ್ಕೇಲು ನಿಂತಿತು. ಮೇಲೆ ಹೋಗಿ 14 ನೋಡಿದಳು. ಹತ್ತಕ್ಕೆ ಹತ್ತು ಸಂಖ್ಯೆ ಒಂದೇ. ಇಷ್ಟು ಬದಲಾಗುವ ಐದು ಜಾಗಗಳಲ್ಲಿ ಎರಡು ಬೇರೆ ಮೀನು ಅಕ್ಷರಶಃ ಒಂದೇ ಆಗಿರುವ ಸಂಭವ ತೀರ ಕಡಿಮೆ. ನೋಟ್‌ಬುಕ್ ತೆಗೆದಳು. ಎರಡೂ ಒಂದೇ ದಿನ, ಒಂದೇ ಬುಟ್ಟಿ. 14ರ ಮುಂದೆ "ಎದೆಯ ರೆಕ್ಕೆ" ಎಂದಿತ್ತು. 23ರ ಮುಂದೆ "ಬಾಲದ ರೆಕ್ಕೆ".

"ಸರ, ಇದು ಒಂದ ಮೀನದ ತಲಿ, ಬಾಲ."

ಎರಡು ಮೀನು ಎಂದು ನಾವು ಎಣಿಸಿದ್ದು ಒಂದೇ ಮೀನು. ಇಂಥ ಜೋಡಿ ಇನ್ನೂ ಎರಡು ಸಿಕ್ಕವು. ನಲವತ್ತು ಅಂದುಕೊಂಡಿದ್ದು ಮೂವತ್ತೇಳಕ್ಕೆ ಇಳಿಯಿತು.

ಎರಡನೆಯದು ಮೀನಿನ ಜಾತಿ. ಸುರ್ಮಾಯಿ ಎಂಬ ಹೆಸರಿನಲ್ಲಿ ನಮ್ಮ ಕಡೆ ಒಂದಕ್ಕಿಂತ ಹೆಚ್ಚು ಜಾತಿ ಮಾರುತ್ತಾರೆ. ದೊಡ್ಡ ಸುರ್ಮಾಯಿಯ ಮೈಮೇಲೆ ಅಡ್ಡ ಗೆರೆಗಳು. ಪಕ್ಕದಲ್ಲಿ ಓಡುವ ಒಂದು ಸಣ್ಣ ಗೆರೆ ಎರಡನೇ ಬೆನ್ನುರೆಕ್ಕೆ ಮುಗಿಯುವ ಜಾಗದ ಕೆಳಗೆ ಗಕ್ಕನೆ ಕೆಳಕ್ಕೆ ಬಾಗುತ್ತದೆ. ಇನ್ನೊಂದು ಜಾತಿ ಮುಕ್ಕಾಲು ಮೀಟರ್ ಅಷ್ಟೇ ಬೆಳೆಯುವುದು, ಮೈಮೇಲೆ ಚುಕ್ಕೆ, ಆ ಗೆರೆ ನಿಧಾನವಾಗಿ ಇಳಿಯುತ್ತದೆ. ಇಡೀ ಮೀನು ಕೈಯಲ್ಲಿದ್ದರೆ ಮಗುವೂ ಗುರುತಿಸುತ್ತದೆ. ಬುಟ್ಟಿಯ ಬಾಲದ ತುದಿಯಲ್ಲಿ ಚುಕ್ಕೆಯೂ ಇಲ್ಲ, ಗೆರೆಯೂ ಇಲ್ಲ. ಹಾಗಾಗಿ ಬಾರ್‌ಕೋಡ್ ಮಾಡಿಸಿದೆವು. ಮೈಟೋಕಾಂಡ್ರಿಯಾದ ಒಂದು ಜೀನಿನ ಸುಮಾರು 650 ಅಕ್ಷರ ಓದಿಸಿ ಡೇಟಾಬೇಸಿನ ಜೊತೆ ತಾಳೆ ನೋಡುವುದು. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಜೊತೆಗಾರರು ಮುಂದಿಟ್ಟ ದಾರಿ, ಈಗ ಜಗತ್ತೆಲ್ಲ ಬಳಸುತ್ತಾರೆ. ನಮ್ಮ ಮೂವತ್ತೇಳರಲ್ಲಿ ನಾಲ್ಕು ಚುಕ್ಕೆಯ ಜಾತಿಯವು. ಎರಡು ಜಾತಿಯನ್ನು ಒಂದೇ ಬಳಗ ಎಂದು ಎಣಿಸಿದರೆ ಬೇರೆ ಬೇರೆ ಜೋಡಿ ಕಡಿಮೆ ಆಗಿಯೇ ಆಗುತ್ತದೆ. ಅವು ಒಂದಕ್ಕೊಂದು ಕೂಡುವುದಿಲ್ಲವಲ್ಲ.

ಈಗ ಮೂವತ್ತಮೂರು. ಎರಡು ಗುರುತುಗಳ ಲೆಕ್ಕ ಹತ್ತಿರ ಬಂತು. ಒಂದು ಮಾತ್ರ ಹಟ ಹಿಡಿದಿತ್ತು.

ಅಲ್ಲಿ ತಪ್ಪು ಪ್ರೈಮರಿನದು. ಪ್ರೈಮರ್ ಅಂಟಬೇಕಾದ ಸಾಲಿನಲ್ಲೇ ಕೆಲವು ಮೀನುಗಳಲ್ಲಿ ಒಂದು ಅಕ್ಷರ ಬದಲಾಗಿರುತ್ತದೆ. ಆಗ ಆ ಪ್ರತಿ ಹೆಚ್ಚಾಗುವುದೇ ಇಲ್ಲ. ಬ್ಯಾಂಡ್ ಒಂದೇ ಕಾಣುತ್ತದೆ. ನೋಡುವವರು ಇದರಲ್ಲಿ ಎರಡೂ ಒಂದೇ ನಮೂನೆ ಎಂದು ಬರೆದುಕೊಳ್ಳುತ್ತಾರೆ. ಹೀಗೆ ಇದ್ದೂ ಕಾಣದ ನಮೂನೆಗೆ ಶೂನ್ಯ ಆಲೀಲ್ ಅನ್ನುತ್ತಾರೆ. ತುಣುಕನ್ನು ಹೆಚ್ಚಿಸುವ ಪಿಸಿಆರ್ ಯಂತ್ರದಲ್ಲಿ ಪ್ರೈಮರ್ ಅಂಟುವ ಹಂತದ ಶಾಖವನ್ನು 58 ಡಿಗ್ರಿಯಿಂದ 54ಕ್ಕೆ ಇಳಿಸಿ ನೋಡಿದೆವು. ಅವತ್ತು ಎರಡು ಸಲ ಕರೆಂಟ್ ಹೋಗಿ ಮೊದಲಿನಿಂದ ಮಾಡಬೇಕಾಯಿತು. ರಾತ್ರಿ ಎಂಟಕ್ಕೆ ಜೆಲ್ ಬಣ್ಣ ಹತ್ತಿದಾಗ, ಒಂಟಿ ಬ್ಯಾಂಡ್ ಇದ್ದ ಆರು ಮೀನುಗಳಲ್ಲಿ ತೆಳುವಾಗಿ ಎರಡನೇ ಬ್ಯಾಂಡ್ ಮೂಡಿತ್ತು. ಇಷ್ಟು ದಿನ ಅಲ್ಲೇ ಇತ್ತು, ನಮ್ಮ ಪ್ರೈಮರಿಗೆ ಸಿಕ್ಕಿರಲಿಲ್ಲ. ಆಮೇಲೆ ಆ ಪ್ರೈಮರನ್ನು ಸ್ವಲ್ಪ ಆಚೆಯ, ಬದಲಾಗದ ಸಾಲಿಗೆ ಸರಿಸಿ ಹೊಸದಾಗಿ ತರಿಸಿದೆವು.

ಕುಸಿತ ಎಂದು ನಾವು ಬರೆದಿದ್ದ ಸಂಗತಿ ಹೆಚ್ಚುಕಡಿಮೆ ಕರಗಿಹೋಯಿತು.

ಜುಲೈ ತಿಂಗಳಿನಲ್ಲಿ ಕಾರವಾರದ ಮೀನು

ಇಷ್ಟೆಲ್ಲ ಆದ ಮೇಲೂ ಒಂದು ವಿಷಯ ಬಾಕಿ ಇತ್ತು. ಅದು ಎಲ್ಲಕ್ಕಿಂತ ದೊಡ್ಡದು.

ಡಿಸೆಂಬರಿನಲ್ಲಿ ಒಂದು ಸಂಜೆ ಸುಮ್ನೆ ಅವಳ ನೋಟ್‌ಬುಕ್ ತಿರುವುತ್ತಿದ್ದೆ. ಜೂನ್ 28, ಜುಲೈ 5, ಜುಲೈ 12. ಎದುರಿಗೆ ಕಾರವಾರ, ಕಾರವಾರ, ಕಾರವಾರ. ಕೈ ಅಲ್ಲೇ ನಿಂತಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಸಮುದ್ರ ಬಂದ್. ಮೀನು ಮರಿ ಮಾಡುವ ಮಳೆಗಾಲದಲ್ಲಿ ಅವುಗಳಿಗೆ ಉಸಿರಾಡಲು ಬಿಡುವ ಸಮಯ ಅದು. ಸಣ್ಣ ನಾಡದೋಣಿಗಳು ದಂಡೆಯ ಹತ್ತಿರ ಹೋಗಬಹುದು, ಅಷ್ಟೇ. ಹಾಗಾದರೆ ಜುಲೈ 5ಕ್ಕೆ ಹುಬ್ಬಳ್ಳಿಯಲ್ಲಿ ಇಷ್ಟು ಸುರ್ಮಾಯಿ ಎಲ್ಲಿಂದ?

ಮರುದಿನ ಇಬ್ಬರೂ ಮಾರ್ಕೆಟ್ಟಿಗೆ ಹೋದೆವು. ಆ ಮಾರುವ ಕಾಕಾ ನಕ್ಕರು.

"ಜುಲೈದಾಗ ಕಾರವಾರದ್ದು ಎಲ್ಲಿ ಬರತೈತ್ರಿ ಸರ? ಅದು ಆಂಧ್ರದ್ದು. ಕಾಕಿನಾಡ ಕಡೆಯಿಂದ ಬರ್ಫದಾಗ ಹಾಕಿ ಕಳಸ್ತಾರ."

"ಮತ್ತ ಕಾರವಾರ ಅಂದಿದ್ರಲ್ರೀ ಕಾಕಾ?" ಎಂದಳು.

"ತಂಗಿ, ನೀ ಕೇಳಿದ್ದು ಸುರ್ಮಾಯಿ ಎಲ್ಲಿದು ಅಂತ. ಸುರ್ಮಾಯಿ ಅಂದ್ರ ಕಾರವಾರದ್ದ. ಈ ಬಾಕ್ಸ್ ಎಲ್ಲಿದು ಅಂತ ಕೇಳಿದ್ರ ಹೇಳತಿದ್ನಿ."

ಅವರ ಮಾತಿನಲ್ಲಿ ಮೋಸ ಇರಲಿಲ್ಲ. ನಾವು ಕೇಳಿದ್ದೇ ತಪ್ಪು. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಇಲ್ಲಿ ಬೋಟು ದಡಕ್ಕೆ ಬಂದ ಎರಡೇ ವಾರಕ್ಕೆ ಅಲ್ಲಿ ನೀರಿಗೆ ಇಳಿಯುತ್ತವೆ. ಹುಬ್ಬಳ್ಳಿ ಎರಡೂ ಕಡಲಿನ ನಡುವೆ ಇರುವ ಊರು. ಒಂದು ಕಡೆಯಿಂದ ಬರುವುದು ನಿಂತರೆ ಇನ್ನೊಂದು ಕಡೆಯಿಂದ ಲಾರಿ ಬರುತ್ತದೆ. ಬಂಗಾಳ ಕೊಲ್ಲಿಯ ಮೀನಿನ ಟ್ಯೂಬಿನ ಮೇಲೆ ನಾವು ಅರಬ್ಬಿ ಸಮುದ್ರ ಎಂದು ಬರೆದಿಟ್ಟಿದ್ದೆವು.

ಎರಡು ಬೇರೆ ಬಳಗಗಳನ್ನು ತಿಳಿಯದೆ ಒಂದೇ ರಾಶಿಗೆ ಹಾಕಿದರೂ ಬೇರೆ ಬೇರೆ ಜೋಡಿಯ ಮೀನು ಲೆಕ್ಕಕ್ಕಿಂತ ಕಡಿಮೆ ಕಾಣುತ್ತವೆ. ಸ್ವೀಡನ್ನಿನ ವಾಲುಂಡ್ 1928ರಲ್ಲೇ ಇದನ್ನು ತೋರಿಸಿಕೊಟ್ಟಿದ್ದರು. ನಮ್ಮ ರಾಶಿಯಲ್ಲಿ ಆಂಧ್ರದ್ದು ಎಷ್ಟು, ನಾಡದೋಣಿಯದ್ದು ಎಷ್ಟು, ಮೇ ತಿಂಗಳಿನಿಂದ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟದ್ದು ಎಷ್ಟು? ಡಿಎನ್‌ಎಯನ್ನೇ ಕೇಳಿ ಊರು ಕಂಡುಹಿಡಿಯೋಣ ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ಊರು ಗೊತ್ತಿರುವ ಮೀನುಗಳ ಪಟ್ಟಿ ಮೊದಲು ಕೈಯಲ್ಲಿದ್ದರೆ ಮಾತ್ರ, ಊರು ಗೊತ್ತಿಲ್ಲದ್ದನ್ನು ಅದರ ಜೊತೆ ಇಟ್ಟು ನೋಡಬಹುದು. ನಮ್ಮ ಹತ್ತಿರ ಆ ಪಟ್ಟಿಯೇ ಇರಲಿಲ್ಲ.

ಇದನ್ನು ನಾನು ತರಗತಿಯಲ್ಲಿ ಹೇಳುವಾಗ ಬ್ಯಾಡಗಿಯ ಉದಾಹರಣೆ ಕೊಡುತ್ತೇನೆ. ಹಾವೇರಿ ಜಿಲ್ಲೆಯ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಬ್ಯಾಡಗಿ ಮಾರ್ಕೆಟ್ಟಿಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮೆಣಸಿನಕಾಯಿ ಚೀಲ ಬರುತ್ತವೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ಚೀಲ ಮಾರ್ಕೆಟ್ಟಿನಲ್ಲಿ ಇದೆ ಎಂದ ಮಾತ್ರಕ್ಕೆ ಆ ಕಾಯಿ ಅಲ್ಲೇ ಬೆಳೆದದ್ದು ಎಂದಾಗುವುದಿಲ್ಲ. ಈ ಹುಡುಗಿಯ ಅಪ್ಪನೇ ಪ್ರತಿ ವರ್ಷ ಗದಗಿನಿಂದ ಅಲ್ಲಿಗೆ ಕಾಯಿ ಒಯ್ಯುತ್ತಾರೆ. "ನಮ್ಮ ಚೀಲದ ಮ್ಯಾಲೂ ಬ್ಯಾಡಗಿ ಅಂತನ ಬರೀತಾರ್ರಿ ಸರ" ಎಂದು ಅವಳು ಹೇಳಿದ್ದು ಆಗಲೇ.

ಬೈತಖೋಲ್

ಜನವರಿಯಿಂದ ಅವಳು ಕಾರವಾರಕ್ಕೆ ಹೋಗತೊಡಗಿದಳು. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು. ಯಲ್ಲಾಪುರ ದಾಟಿ, ಅರಬೈಲ್ ಘಾಟಿ ಇಳಿದು, ಅಂಕೋಲಾ ಮೇಲೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದೂ ಕಾರವಾರದಲ್ಲೇ, ಕೋಡಿಬಾಗದಲ್ಲಿ. ಧಾರವಾಡದವರಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಮೊದಲ ಸಲ ನಾನೂ ಜೊತೆಗೆ ಹೋಗಿದ್ದೆ. ಬೈತಖೋಲ್ ಬಂದರಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಬೋಟಿನಿಂದ ಪ್ಲಾಸ್ಟಿಕ್ ಬುಟ್ಟಿಗಳು ಕೈಯಿಂದ ಕೈಗೆ ಇಳಿಯುತ್ತಿದ್ದವು. ಕಡಲನ್ನು ಮೊದಲ ಬಾರಿಗೆ ನೋಡುತ್ತಿದ್ದವಳು ಒಂದು ನಿಮಿಷ ಅತ್ತ ಮುಖ ಮಾಡಿ ನಿಂತಳು. ಆಮೇಲೆ ತಿರುಗಿ ಚೀಲದಿಂದ ಟೇಪು, ಕತ್ತರಿ, ಟ್ಯೂಬುಗಳ ಸ್ಟ್ಯಾಂಡು ತೆಗೆದಳು.

ಮೀನು ವಿಂಗಡಿಸುತ್ತಿದ್ದ ಒಬ್ಬ ಹೆಂಗಸು ಇವಳನ್ನು ಸ್ವಲ್ಪ ಹೊತ್ತು ನೋಡಿದರು. ಇಡೀ ಮೀನನ್ನು ಎತ್ತಿ ಇವಳ ಮುಂದೆ ಇಟ್ಟರು. "ಬಾಲದ ತುದಿ ಮಾತ್ರ ತಗೋ ತಂಗಿ, ಅಲ್ಲಿ ಕತ್ತರಿಸಿದರೆ ಯಾರಿಗೂ ಕಾಣುವುದಿಲ್ಲ" ಎಂದರು. ಎಲ್ಲಿ ಹಿಡಿದದ್ದು ಎಂದು ಕೇಳಿದರೆ ಬೋಟಿನವರನ್ನೇ ಕೂಗಿ ಕರೆದರು. ಯಾವ ಬಲೆ, ಎಷ್ಟು ಮಾರು ನೀರು, ಯಾವ ದಿಕ್ಕಿಗೆ ಎಷ್ಟು ತಾಸು ಹೋಗಿದ್ದೆವು, ಎಲ್ಲವನ್ನೂ ಅವರು ಹೇಳಿದರು. ಇವಳು ಬರೆದುಕೊಂಡಳು. ಆಮೇಲೆ ಅವರೇ ಕೇಳಿದರು, ಇದರಿಂದ ಏನು ಗೊತ್ತಾಗುತ್ತದೆ ಎಂದು. ಕಾರವಾರದ ಸುರ್ಮಾಯಿ, ಮಲ್ಪೆಯ ಸುರ್ಮಾಯಿ ಒಂದೇ ಮನೆತನದವೋ ಅಲ್ಲವೋ ನೋಡುತ್ತೇವೆ ಎಂದಳು. ಬೋಟಿನವರಲ್ಲಿ ವಯಸ್ಸಾದ ಒಬ್ಬರು ತಲೆಯಾಡಿಸಿದರು. ಮೊದಲೆಲ್ಲ ದಂಡೆ ಕಾಣುವಷ್ಟು ಹತ್ತಿರ ಗಾಳಕ್ಕೆ ಬೀಳುತ್ತಿದ್ದ ಮೀನಿಗೆ ಈಗ ಎಷ್ಟು ಡೀಸೆಲ್ ಸುಡಬೇಕು ಎಂದು ಅವರು ಹೇಳತೊಡಗಿದರು. ಅವಳು ಅದನ್ನೂ ಬರೆದಳು. ಅದು ಡಿಎನ್‌ಎ ಅಲ್ಲ, ಆದರೆ ಬರೆಯಬೇಕಾದದ್ದೇ.

ಈಗ ನೋಟ್‌ಬುಕ್ಕಿನ ಒಂದು ಸಾಲು ತುಂಬಲು ಐದು ನಿಮಿಷ ಬೇಕು. ಇಡೀ ಮೀನಿನ ಫೋಟೋ, ಅಳತೆ, ತೂಕ, ಪಕ್ಕದ ಗೆರೆ ಎಲ್ಲಿ ಬಾಗಿದೆ, ಯಾವ ಬಲೆ, ಯಾವ ತಾರೀಕು, ಯಾವ ನೀರು. ಒಂದು ಮೀನಿಗೆ ಒಂದೇ ತುಣುಕು, ಅದೂ ಬಾಲದಿಂದ ಮಾತ್ರ.

ಮೇ ಮುಗಿಯುವ ಹೊತ್ತಿಗೆ ಬೈತಖೋಲಿನ ಐವತ್ತು ಮೀನುಗಳ ಟ್ಯೂಬು ನಮ್ಮ ಫ್ರೀಜರಿನಲ್ಲಿ ಇದ್ದವು. ಐದು ಗುರುತುಗಳಲ್ಲಿ ನಾಲ್ಕು ಎಲ್ಲ ಮೀನಿನಲ್ಲೂ ಸ್ವಚ್ಛವಾಗಿ ಓದಲು ಬರುತ್ತಿವೆ, ಲೆಕ್ಕವೂ ಕೂಡುತ್ತಿದೆ. ಐದನೆಯದನ್ನು ಕೈಬಿಟ್ಟೆವು. ಪ್ರೈಮರ್ ಸರಿಸಿದ ಮೇಲೂ ಅದರ ಬ್ಯಾಂಡ್ ಒಮ್ಮೊಮ್ಮೆ ಮಸುಕಾಗುತ್ತಿತ್ತು. ಅನುಮಾನ ಇದ್ದದ್ದನ್ನು ಇಟ್ಟುಕೊಂಡರೆ ಮುಂದೆ ಅದರ ಮೇಲೇ ಯಾರೋ ಮನೆ ಕಟ್ಟುತ್ತಾರೆ. ನಾಲ್ಕು ಗುರುತು, ಒಂದು ಬಂದರು. ಬಳಗಗಳ ಬಗ್ಗೆ ಮಾತಾಡಲು ಇದು ಸಾಲದು. ಇನ್ನೂ ಹತ್ತು ಗುರುತಾದರೂ ಬೇಕು, ಭಟ್ಕಳ, ಮಲ್ಪೆ, ರತ್ನಾಗಿರಿಯ ಮೀನು ಬೇಕು. ಪೂರ್ವದ್ದೂ ಬೇಕು, ಸರಿಯಾದ ವಿಳಾಸದ ಜೊತೆ. ಕಡಲ ಮೀನುಗಳ ಬಳಗಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ತೀರ ಸಣ್ಣದು. ಮರಿಗಳು ನೀರಿನ ಹರಿವಿನ ಜೊತೆ ತೇಲಿ ಎಲ್ಲಿಂದೆಲ್ಲಿಗೋ ಹೋಗುತ್ತವೆ. ಅಷ್ಟು ಸಣ್ಣ ವ್ಯತ್ಯಾಸ ಹಿಡಿಯಲು ಹೊರಟಾಗ ಒಂದು ತಪ್ಪು ಚೀಟಿಯೇ ಆ ವ್ಯತ್ಯಾಸಕ್ಕಿಂತ ದೊಡ್ಡದಾಗಿಬಿಡುತ್ತದೆ.

ಹೊಸ ವರದಿಯ ಕೊನೆಯ ಪುಟದಲ್ಲಿ ಅವಳು ಬರೆದದ್ದು ಇಷ್ಟು: "ಸುರ್ಮಾಯಿಯ ಬಳಗಗಳನ್ನು ಅಧ್ಯಯನ ಮಾಡಲು ನಾಲ್ಕು ಗುರುತುಗಳು ಸಿದ್ಧವಾಗಿವೆ." ಹಳೆಯ ಸಾಲಿಗಿಂತ ಸಣ್ಣ ಮಾತು. ಪಕ್ಕದಲ್ಲಿ ಪೆನ್ಸಿಲ್ ಮುಟ್ಟಿಸಲು ನನಗೆ ಜಾಗ ಸಿಗಲಿಲ್ಲ.

ಮಾರ್ಕೆಟ್ಟಿನ ಹಳೆಯ ಮೂವತ್ತಮೂರು ಟ್ಯೂಬುಗಳನ್ನು ಎಸೆದಿಲ್ಲ. ಫ್ರೀಜರಿನ ಕೆಳಗಿನ ಖಾನೆಯಲ್ಲಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಮೇಲಿನ ಪಟ್ಟಿಯಲ್ಲಿ ಕಾರವಾರ ಎಂಬುದನ್ನು ಹೊಡೆದು ಹಾಕಿ "ಊರು ಗೊತ್ತಿಲ್ಲ" ಎಂದು ಬರೆದಿದ್ದಾಳೆ. ಮುಂದೆ ಪಟ್ಟಿ ದೊಡ್ಡದಾದ ಮೇಲೆ ಅವುಗಳ ಊರನ್ನು ಹುಡುಕಬಹುದು.

ಈ ಜುಲೈನಲ್ಲಿ, ನಿಷೇಧದ ನಡುವೆ, ಒಂದು ಬೆಳಿಗ್ಗೆ ಅವಳ ಫೋನು ಬಡಿಯಿತು. ಹುಬ್ಬಳ್ಳಿಯ ಆ ಕಾಕಾ.

"ತಂಗಿ, ಕಾಕಿನಾಡದ ಬಾಕ್ಸ್ ಬಂದಾವು. ಲಾರಿ ಚೀಟಿ ಹರೀಲಾರದಂಗ ತಗದಿಟ್ಟೇನಿ. ಮೀನಾನೂ ಇನ್ನ ಕೊಯ್ದಿಲ್ಲ, ಇಡೀದ ಅದಾವು. ಲಗೂನ ಬಾ."